ಮಾವನ ಕಾರು, ಅತ್ತೆಯ ಕಣ್ಣು

ಅರಸೀಕೆರೆಯಲ್ಲಿ ಮಳೆ ಬಂದಾಗ ಕೊಡೆಯನ್ನು ತನ್ನ ತಲೆಗೆ ಹಿಡಿಯದೆ ಕಾರಿನ ನೆತ್ತಿಗೆ ಹಿಡಿದುಕೊಂಡು ನಿಂತ ಮನುಷ್ಯರೊಬ್ಬರು ನಿಮಗೆ ಕಂಡರೆ, ದಯವಿಟ್ಟು ನಗಬೇಡಿ. ಅವರು ನನ್ನ ಸೋದರಮಾವ. ನಗುವ ಹಕ್ಕು ಮನೆಯವರದು, ನಾವು ಆಗಲೇ ಸಾಕಷ್ಟು ನಕ್ಕಿದ್ದೇವೆ. "ಅಲ್ಲ ಮಾವ, ಕಾರೇನು ಬೆಲ್ಲದ್ದಾ, ಮಳೆಗೆ ಕರಗೋಕೆ?" ಎಂದು ನಾನೇ ಒಮ್ಮೆ ಕೇಳಿದ್ದೆ. "ಮಳೆ ಹನಿ ಒಣಗಿದ್ರೆ ಚುಕ್ಕೆ ಚುಕ್ಕೆ ಕಲೆ ಉಳೀತದೆ ಕಣಮ್ಮ. ಓದಿದೋಳು, ಇಷ್ಟೂ ಗೊತ್ತಿಲ್ವಾ ನಿಂಗೆ?" ಎಂದು ನನ್ನನ್ನೇ ಕನಿಕರದಿಂದ ನೋಡಿದರು. ಅವರ ಅಂಗಿ, ಪಂಚೆ, ಮೀಸೆ ಎಲ್ಲದರಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಅವಕ್ಕೆ ಕಲೆ ಉಳಿಯುವುದಿಲ್ಲವೆಂದು ಕಾಣುತ್ತದೆ!

ನನ್ನ ಕಾರಿನ ಸಂಗತಿಯನ್ನೂ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಬೇಲೂರಿನಲ್ಲಿ ಸಣ್ಣದೊಂದು ಮೆಡಿಕಲ್ ಸ್ಟೋರ್ ಇಟ್ಟುಕೊಂಡವಳು. ನನ್ನ ಹಳೆಯ ಕಾರಿಗೆ ಸ್ನಾನ ಮಾಡಿಸುವ ಜವಾಬ್ದಾರಿಯನ್ನು ಮಳೆರಾಯನಿಗೆ ವಹಿಸಿದ್ದೇನೆ. ಅವನಿಗೆ ಬಿಡುವಾದಾಗ ಮಾಡಿಸುತ್ತಾನೆ. ಒಮ್ಮೆ ಹಿಂದಿನ ಗಾಜಿನ ಧೂಳಿನ ಮೇಲೆ ಯಾರೋ ಬೆರಳಿನಲ್ಲಿ 'ನನ್ನನ್ನು ತೊಳೆಯಿರಿ' ಎಂದು ಬರೆದಿದ್ದರು. ಯಾವನೋ ಪೋಕರಿ ಎಂದು ಬೈದುಕೊಂಡೆ. ಅಕ್ಷರ ನೋಡಿದರೆ ಮಾವನದು.

ಮಾವ ಹುಟ್ಟಿನಿಂದಲೇ ಹೀಗಿರಲಿಲ್ಲ. ಮೂವತ್ತು ವರ್ಷ ಓಡಿಸಿದ ಸ್ಕೂಟರನ್ನು ಅವರು ಒಂದು ಸಲವೂ ತೊಳೆದದ್ದನ್ನು ನಾನು ಕಂಡಿಲ್ಲ. ಅವರಿಗೆ ಈ ಹುಚ್ಚು ಹಿಡಿದದ್ದು ಅರವತ್ತು ದಾಟಿದ ಮೇಲೆ, ಜೀವಮಾನದ ಮೊದಲ ಕಾರು ಮನೆಗೆ ಬಂದ ದಿನ. ಅದಕ್ಕೆ ಕಾರಣ ನಮ್ಮ ಅತ್ತೆ.

"ತಗೊಂಡ್ರೆ ದಾಳಿಂಬೆ ಬಣ್ಣದ್ದೇ ತಗೋಬೇಕು ಕಣ್ರೀ" ಎಂದು ಅತ್ತೆ ಯಾವ ಕಾಲದಲ್ಲೋ ಹೇಳಿದ್ದರಂತೆ. ಮಾವ ಅದನ್ನು ಮರೆತಿರಲಿಲ್ಲ. ಹುಡುಕಿ ಹುಡುಕಿ ದಾಳಿಂಬೆ ಬಣ್ಣದ ಕಾರನ್ನೇ ತಂದು ಬಾಗಿಲ ಮುಂದೆ ನಿಲ್ಲಿಸಿದರು. ಆದರೆ ಅಷ್ಟರಲ್ಲಿ ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದು ಎಲ್ಲವೂ ಮಂಜಾಗಿತ್ತು. ಆರತಿ ತಟ್ಟೆ ಹಿಡಿದು ಹೊರಗೆ ಬಂದ ಅತ್ತೆ ಹುಬ್ಬಿನ ಮೇಲೆ ಕೈಯಿಟ್ಟು ದಿಟ್ಟಿಸಿದರು. "ಕೆಂಪಗೆ ಏನೋ ನಿಂತಂಗೈತೆ. ಅಂಚೆ ಡಬ್ಬಾನಾ?" ಎಂದರು.

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮಾವ ಮಾತ್ರ ನಗಲಿಲ್ಲ. ಕಣ್ಣಿನ ಡಾಕ್ಟರು, ಅತ್ತೆಯ ಶುಗರ್ ಇಳಿಯುವವರೆಗೂ ಆಪರೇಷನ್ ಮಾಡುವುದಿಲ್ಲವೆಂದು ಹೇಳಿದ್ದರು. ಅವತ್ತೇ ಮಾವ ಎಲ್ಲರೆದುರು ಶಪಥ ಮಾಡಿದರು. "ಇವಳ ಕಣ್ಣಿನ ಪಟ್ಟಿ ಬಿಚ್ಚೋ ದಿನ ಈ ಕಾರು ಶೋರೂಮಿಂದ ಆಗ ತಾನೇ ಇಳಿದಂಗಿರ್ಬೇಕು. ಹಳೇ ಕಾರು ತೋರಿಸೋಕೆ ಇಷ್ಟೆಲ್ಲ ಮಾಡಿದ್ನಾ ನಾನು?" ಒಂದೆರಡು ತಿಂಗಳ ಮಾತೆಂದು ಅವರು ತಿಳಿದಿದ್ದರು, ಪಾಪ. ಸಕ್ಕರೆ ಯಾರ ಮಾತು ಕೇಳುತ್ತದೆ? ಅಂತೂ ಅತ್ತೆಯ ಶುಗರ್ ಇಳಿಯಬೇಕು, ಅಲ್ಲಿಯವರೆಗೆ ಕಾರಿನ ಹೊಳಪು ಇಳಿಯಕೂಡದು. ಒಂದು ವರ್ಷ ನಮ್ಮ ಮನೆತನವೆಲ್ಲ ಈ ಎರಡರ ನಡುವೆ ಸಿಕ್ಕಿಕೊಂಡಿತು.

ಮಾವನದು ಕೊಬ್ಬರಿ ಮಂಡಿ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಸದ್ದಿನಿಂದಲೇ ಕೊಬ್ಬರಿ ಎಂಥದ್ದೆಂದು ಹೇಳಬಲ್ಲರು. ಒಡೆದ ಮೇಲೆ ಮೂಸುತ್ತಾರೆ, ಬೆರಳಲ್ಲಿ ಉಜ್ಜುತ್ತಾರೆ, ಚೂರು ಕಚ್ಚಿ ನೋಡುತ್ತಾರೆ. ಕಿವಿ, ಮೂಗು, ಬೆರಳು, ನಾಲಿಗೆ ಈ ನಾಲ್ಕು ಪರೀಕ್ಷೆಗಳಲ್ಲಿ ಪಾಸಾಗದ ಮಾಲು ಅವರ ಮಂಡಿಯ ಹೊಸ್ತಿಲು ದಾಟುವುದಿಲ್ಲ. ಇಂಥವರಿಗೆ ಕಾರು ಹೊಳೆಯಬೇಕು ಎಂದೊಡನೆ ತಲೆಗೆ ಬರುವುದೇನು? ನೀವು ಊಹಿಸಿದ್ದು ಸರಿ.

"ಎಣ್ಣೆ ಹಚ್ಚಿದ್ರೆ ಹೊಳೀದೇ ಇರೋ ವಸ್ತು ಪ್ರಪಂಚದಾಗೆ ಯಾವ್ದೈತೆ?" ಎಂದು ಮಾವ ಗಾಣದ ಅಪ್ಪಟ ಕೊಬ್ಬರಿ ಎಣ್ಣೆಯನ್ನು, ಎಳೆ ಮಗುವಿಗೆ ಹಚ್ಚುವಂತೆ, ಬಾನೆಟ್ಟಿನಿಂದ ಡಿಕ್ಕಿಯವರೆಗೆ ನೀವಿ ನೀವಿ ಹಚ್ಚಿದರು. ಹೊಳೆಯಿತು, ಸುಳ್ಳು ಹೇಳಬಾರದು! ಬೀದಿಯವರು ಬಂದು ಅದರಲ್ಲಿ ಮುಖ ನೋಡಿಕೊಂಡು ಕ್ರಾಪು ಬಾಚಿಕೊಂಡರು. ಅದು ಶನಿವಾರ. ಮನೆಯಲ್ಲಿ ದಿನಾ ಲಿಂಗಪೂಜೆ ನಡೆದರೂ ಮಾಲೇಕಲ್ಲಿನ ವೆಂಕಟರಮಣನ ಮೇಲೆ ಮಾವನಿಗೆ ವಿಶೇಷ ಭಕ್ತಿ. ಅತ್ತೆಯನ್ನು ಕೂರಿಸಿಕೊಂಡು ಹೊರಟರು. ರಸ್ತೆಯ ಧೂಳೆಲ್ಲ ಇಂಥದ್ದೊಂದು ಜಾಗಕ್ಕಾಗಿಯೇ ಕಾಯುತ್ತಿದ್ದ ಹಾಗೆ ಬಂದು ಬಂದು ಕೂತಿತು. ಬೆಟ್ಟದ ಬುಡ ಸೇರುವಷ್ಟರಲ್ಲಿ ಕಾರು ರಾಗಿಹಿಟ್ಟಿನಲ್ಲಿ ಹೊರಳಿದಂತಿತ್ತು. ಅತ್ತೆ ಕೆಳಗೇ ಕೈಮುಗಿದು ಕೂತರು. ಮಾವ ಬೆಟ್ಟ ಹತ್ತಿ ಇಳಿದು ಬರುವ ಹೊತ್ತಿಗೆ ಮೂರು ನಾಯಿಗಳು ಕಾರನ್ನು ಮೂರು ಕಡೆಯಿಂದ ನೆಕ್ಕುತ್ತಿದ್ದವು. ಅತ್ತೆ ಬಾಗಿಲು ತಡವಿ ನೋಡಿ ಗಾಬರಿಯಾದರು. "ಏನ್ರೀ, ಇದಕ್ಕೆ ಗಡ್ಡ ಬಂದೈತಲ್ರೀ!"

ಆ ಗಡ್ಡ ಬೋಳಿಸಲು ಮಾವ ಪಾತ್ರೆ ಸೋಪನ್ನೂ ತೆಂಗಿನ ನಾರನ್ನೂ ಬಳಸಿದರು. ಗಡ್ಡ ಹೋಯಿತು, ಜೊತೆಗೆ ಹೊಳಪೂ ಹೋಯಿತು. ಬಿಸಿಲಿಗೆ ನಿಲ್ಲಿಸಿದರೆ ಮೈಯೆಲ್ಲ ಜೇಡರ ಬಲೆಯಂಥ ಸಣ್ಣ ಗೀರು. ಆಗ ಮಾವನಿಗೆ ಜ್ಞಾನೋದಯವಾಯಿತು. ಇದಕ್ಕೂ ಒಂದು ಶಾಸ್ತ್ರವಿದೆ, ಅದನ್ನು ಕಲಿಯಬೇಕು!

ಒಂದು ಬೆಳಿಗ್ಗೆ ನನ್ನ ಅಂಗಡಿಯ ಮುಂದೆ ಮಾವ ಬಸ್ಸಿಳಿದರು. ಹೆಗಲಿಗೆ ಕೊಬ್ಬರಿ ಚೀಲ. "ಕಾರೆಲ್ಲಿ ಮಾವ?" ಎಂದೆ. "ಅಷ್ಟು ದೂರದಿಂದ ಕಾರು ತಂದ್ರೆ ಧೂಳಾಗಲ್ವಾ?" ಎಂದರು. ಕಾರಿನ ಆರೈಕೆಯ ಸಲಹೆ ಕೇಳಲು ಕಾರನ್ನು ಮನೆಯಲ್ಲಿ ಬಿಟ್ಟು ಬಸ್ಸಿನಲ್ಲಿ ಬಂದ ಮನುಷ್ಯರನ್ನು ಇನ್ನೆಲ್ಲಾದರೂ ಕಂಡಿದ್ದೀರಾ? ಚೀಲವನ್ನು ಕೌಂಟರಿನ ಮೇಲೆ ಬಗ್ಗಿಸಿದರು. ಬಣ್ಣಬಣ್ಣದ ಬಾಟಲಿಗಳು, ಡಬ್ಬಿಗಳು, ಸ್ಪ್ರೇಗಳು. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ತರಿಸಿಕೊಂಡವು. ವಿಡಿಯೋ ಹಿಂದಿಯಲ್ಲಿ, ಬಾಟಲಿಯ ಅಕ್ಷರ ಇಂಗ್ಲಿಷಿನಲ್ಲಿ, ಮಾವ ಕನ್ನಡದಲ್ಲಿ. "ಬಾಟ್ಲಿ ಮ್ಯಾಲಿನ ಸಣ್ಣ ಅಕ್ಷರ ಓದೋದೇ ನಿನ್ನ ಕಸುಬಲ್ವೇನಮ್ಮ? ಓದಿ ಹೇಳು" ಎಂದರು.

ಓದಿದೆ. ಶಾಂಪೂ ಮೇಲಿನ ಕೊಳೆ ತೆಗೆಯುತ್ತದೆ, ಪಾತ್ರೆ ಸೋಪಿನ ಹಾಗೆ ಖಾರವಾಗಿರಬಾರದು. ಪಾಲಿಶ್ ಬಣ್ಣವನ್ನೇ ಒಂದು ಕೂದಲೆಳೆಯಷ್ಟು ಸವೆಸಿ ಗೀರು ಮಾಯ ಮಾಡುತ್ತದೆ. ವ್ಯಾಕ್ಸ್ ಏನನ್ನೂ ತೆಗೆಯುವುದಿಲ್ಲ, ಮೇಲೆ ಕೂತು ಕಾಯುತ್ತದೆ. ಮಾವ ಒಂದು ಗಳಿಗೆ ಯೋಚಿಸಿದರು. "ತಿಳೀತು ಬಿಡು. ಪಾಲಿಶ್ ಅಂದ್ರೆ ಕೊಬ್ಬರಿ ಮ್ಯಾಲಿನ ಕರಿ ಹೆರೆಯೋದು. ದಿನಾ ಹೆರೀತಾ ಕೂತ್ರೆ ಕೊಬ್ಬರೀನೇ ಉಳಿಯಲ್ಲ!" ನಾನು ಬೆರಗಾದೆ. ಇಷ್ಟು ಚೆನ್ನಾಗಿ ಆ ಬಾಟಲಿಯ ಮೇಲೂ ಬರೆದಿರಲಿಲ್ಲ.

ಅಷ್ಟರಲ್ಲಿ ಹಗರೆಯಿಂದ ಮಾತ್ರೆಗೆ ಬಂದಿದ್ದ ಅಜ್ಜ ಒಬ್ಬರು ವ್ಯಾಕ್ಸ್ ಡಬ್ಬಿಯನ್ನೇ ನೋಡುತ್ತಾ, "ಇದು ಮೊಣಕಾಲು ನೋವಿಗೂ ಆಯ್ತದಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾವ ಹೇಳಿದರು, "ನೋವು ಹೋಗೋದು ಗೊತ್ತಿಲ್ಲ ಯಜಮಾನ್ರೆ, ಮೊಣಕಾಲಂತೂ ಹೊಳೀತದೆ."

ಇಷ್ಟಾದರೂ ಪರೀಕ್ಷೆ ಮಾಡದೆ ತರಿಸಿದ ಮಾಲಿನ ಮೇಲೆ ಮಾವನಿಗೆ ನಂಬಿಕೆ ಬರಲಿಲ್ಲ. ನನ್ನನ್ನು ಎಳೆದುಕೊಂಡು ಹಾಸನದ ಒಂದು ಕಾರು ಸಾಮಾನಿನ ಅಂಗಡಿಗೆ ಹೋದರು. ಅಲ್ಲಿ ಪ್ರತಿಯೊಂದು ಡಬ್ಬಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ಇದು ಸದ್ದು ಮಾಡ್ತದೆ, ಒಣಗೈತೆ, ಬ್ಯಾಡ." ಅಂಗಡಿಯವನು ಕಣ್ಣು ಕಣ್ಣು ಬಿಟ್ಟ. ಆಮೇಲೆ ಅವನು ಕ್ಲೇ ಎಂಬ ಮೆತ್ತಗಿನ ಬಿಲ್ಲೆ ತೋರಿಸಿದ. ತೊಳೆದರೂ ಬಿಡದೆ ಬಣ್ಣಕ್ಕೆ ಕಚ್ಚಿಕೊಂಡ ಕಣಗಳನ್ನು ಎತ್ತಲು ನೀರು ಹಾಕಿಕೊಂಡು ಉಜ್ಜುವಂಥದ್ದು. ನೋಡಲು ಥೇಟು ಕೊಬ್ಬರಿ ಮಿಠಾಯಿ. ಮಾವ ಮೂಸಿದರು, ಬೆರಳಲ್ಲಿ ಒತ್ತಿದರು. ನಾನು 'ಮಾವ' ಎನ್ನುವಷ್ಟರಲ್ಲಿ ಮೂಲೆಯೊಂದನ್ನು ಕಚ್ಚಿಯೇಬಿಟ್ಟರು! "ಅಯ್ಯೋ ಸಾರ್, ಅದು ತಿನ್ನೋದಲ್ಲ!" ಎಂದು ಅಂಗಡಿಯವನು ಕೂಗಿಕೊಂಡ. "ಗೊತ್ತು ಕಣಪ್ಪ. ಮಣ್ಣು ಐತಾ ನೋಡಿದೆ. ಇಲ್ಲ, ನುಣ್ಣಗೈತೆ, ಎರಡು ಕೊಡು" ಎಂದರು ಮಾವ, ಹಲ್ಲಿನ ಸಂದಿಯಿಂದ ಕ್ಲೇ ತೆಗೆಯುತ್ತಾ.

ಆಮೇಲೆ ಅವನು ಸೆರಾಮಿಕ್ ಕೋಟಿಂಗಿನ ಮಹಿಮೆಯನ್ನು ಕೊಂಡಾಡತೊಡಗಿದ. ಗಾಜಿನಷ್ಟು ಗಟ್ಟಿ, ವರ್ಷಗಟ್ಟಲೆ ಬಾಳುತ್ತದೆ, ನೀರು ನಿಲ್ಲುವುದೇ ಇಲ್ಲ. ಎಲ್ಲ ಕೇಳಿದ ಮಾವ ಒಂದೇ ಪ್ರಶ್ನೆ ಹಾಕಿದರು. "ನಿಮ್ ಕಾರು ಯಾವ್ದು?" ಅವನು ಹೊರಗೆ ಬೆರಳು ತೋರಿಸಿದ. ಅಲ್ಲಿ ನನ್ನ ಕಾರಿನ ಅಣ್ಣನೋ ತಮ್ಮನೋ ಎಂಬಂಥದ್ದು ಧೂಳು ಹೊದ್ದುಕೊಂಡು ಮಲಗಿತ್ತು. "ತಾನು ತಿನ್ನದೋನ ಹತ್ರ ನಾನು ಕೊಬ್ಬರಿ ಕೊಂಡಿಲ್ಲ" ಎಂದು ಮಾವ ವ್ಯಾಕ್ಸಿನ ಡಬ್ಬಿ ಹಿಡಿದು ಎದ್ದರು.

ಅಲ್ಲಿಂದ ಮನೆಯಲ್ಲಿ ಹೊಸ ಮಡಿ ಶುರುವಾಯಿತು. ನಮ್ಮಜ್ಜಿಯ ಕಾಲದ ಮಡಿಯೇ ವಾಸಿ ಎನ್ನಿಸುವಂಥದ್ದು. ಬಾನೆಟ್ಟಿನ ಬಟ್ಟೆ ಬೇರೆ, ಚಕ್ರದ ಬಟ್ಟೆ ಬೇರೆ. ಬಟ್ಟೆ ನೆಲಕ್ಕೆ ಬಿದ್ದರೆ ಮುಗಿಯಿತು, ಮೈಲಿಗೆ! ಅದರಲ್ಲಿ ಕಾಣದ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಗೀರು ಬೀಳುತ್ತದೆ. ಸೋಪಿನ ನೀರಿಗೊಂದು ಬಕೆಟ್, ಬಟ್ಟೆ ಅದ್ದಿ ತೊಳೆಯಲು ಇನ್ನೊಂದು. ಮನೆಯಲ್ಲಿದ್ದದ್ದೇ ಎರಡು ಬಕೆಟ್. ಅತ್ತೆ ಎರಡು ವಾರ ಕೊಳಗದಲ್ಲಿ ನೀರು ತೋಡಿಕೊಂಡು ಸ್ನಾನ ಮಾಡಿದರು. ಕಾರಿಗೆ ಕೈ ಹಚ್ಚುವ ಮೊದಲು ಮಾವ ಉಂಗುರ, ವಾಚು ಬಿಚ್ಚಿಡುತ್ತಿದ್ದರು. ಕೊರಳಿನ ಶಿವದಾರವನ್ನು ಬಿಚ್ಚುವಂತಿಲ್ಲವಲ್ಲ, ಅದರಲ್ಲಿ ತೂಗುವ, ಇಷ್ಟಲಿಂಗವಿರುವ ಬೆಳ್ಳಿ ಕರಡಿಗೆಯನ್ನು ಬೆನ್ನ ಮೇಲೆ ಹಾಕಿಕೊಂಡು ಬಾಗುತ್ತಿದ್ದರು. "ಶಿವಾ, ಸ್ವಲ್ಪ ಹೊತ್ತು ಹಿಂದೆ ಕೂತ್ಕೊಳಪ್ಪ."

ಒಂದು ದಿನ ನಾನು ಅಲ್ಲಿಗೆ ಹೋಗಿದ್ದಾಗ ಅತ್ತೆ ಕಣ್ಣು ಕಾಣದೆ, ಬಾನೆಟ್ಟಿನ ಬಟ್ಟೆಯನ್ನು ಅಡುಗೆಮನೆಯದೆಂದುಕೊಂಡು ಹೆಂಚು ಒರೆಸಿಬಿಟ್ಟರು. ಮಾವ ಅದನ್ನು ಎತ್ತಿ ಮೂಸಿದರು. ಕೊಬ್ಬರಿ ವ್ಯಾಪಾರಿಯ ಮೂಗು! "ತುಪ್ಪ. ಏಲಕ್ಕಿ. ಹೂರಣ!" ಎಂದರು. ಅತ್ತೆ ಕದ್ದು ಒಬ್ಬಟ್ಟು ಮಾಡಿಕೊಂಡು ತಿಂದಿದ್ದರು. ಬೈಗುಳ ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಮಾವ ಮೆಟ್ಟಿಲ ಮೇಲೆ ಕುಸಿದು ಕೂತು, "ಹಂಗಾದ್ರೆ ಇನ್ನೂ ಎರಡು ತಿಂಗಳು ತೊಳೀಬೇಕು ಅನ್ನು" ಎಂದರು.

ಅತ್ತೆ ನನ್ನನ್ನು ಒಳಗೆ ಕರೆದು ಗುಟ್ಟಾಗಿ ಹೇಳಿದರು. "ಆಸೆಗೆ ತಿನ್ನೋದಲ್ಲ ಕಣೇ. ಶುಗರ್ ಇಳಿದ್ರೆ ಆಪ್ರೇಷನ್ ಮಾಡ್ತಾರಲ್ಲ, ನಂಗೆ ಭಯ. ಇರೋ ಮಬ್ಬೂ ಹೋಗಿಬಿಟ್ರೆ? ಈಗ ಅವರು ಎದುರಿಗೆ ಬಂದ್ರೆ ನೆರಳಾದ್ರೂ ಕಾಣ್ತದೆ." ಹೆದರಬೇಡಿ ಅತ್ತೆ ಎಂದು ಅಂಗಡಿಯಲ್ಲಿ ದಿನಾ ಹತ್ತು ಜನಕ್ಕೆ ಹೇಳುವ ಮಾತನ್ನೇ ಹೇಳಿದೆ.

ಆ ಭಾನುವಾರ ಮನಸ್ಸು ಹಗುರಾಗಲೆಂದು ಹಳೇಬೀಡಿಗೆ ಹೋದೆವು. ಮಾವ ಮರ, ಗಿಡ, ತಂತಿ, ಹಕ್ಕಿ ಯಾವುದೂ ಇಲ್ಲದ ಜಾಗ ಹುಡುಕಿ ಕಾರು ನಿಲ್ಲಿಸಿದರು. ಅಲ್ಲಿಂದ ದೇವಸ್ಥಾನಕ್ಕೆ ನಡೆಯುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಒಳಗೆ ಎಲ್ಲರೂ ಶಿಲ್ಪಗಳನ್ನು ನೋಡುತ್ತಿದ್ದರೆ ಮಾವ ಒಂದು ಕಂಬದ ಮುಂದೆ ನಿಂತುಬಿಟ್ಟರು. ಆ ಕರಿಕಲ್ಲಿನ ಕಂಬಗಳು ಕನ್ನಡಿಯಂತೆ ಹೊಳೆಯುವುದು ನಿಮಗೂ ಗೊತ್ತು. "ಇದಕ್ಕೆ ಏನ್ ಹಚ್ಚವ್ರೆ?" ಎಂದು ಗೈಡನ್ನು ಕೇಳಿದರು. "ಏನೂ ಹಚ್ಚಿಲ್ಲ ಯಜಮಾನ್ರೆ. ತಿರುಗಿಸಿ ತಿರುಗಿಸಿ ಉಜ್ಜಿದಾರೆ ಅಷ್ಟೆ. ಕೈ ಕೆಲಸ." "ಬರೀ ಕೈಯಾ?" "ಬರೀ ಕೈ." ನಾನು ಅಂಗಡಿಯಿಂದ ಕೊಟ್ಟಿದ್ದ ಕೈಗವಸನ್ನು ಮಾವ ಮತ್ತೆಂದೂ ಹಾಕಲಿಲ್ಲ. ಅದಕ್ಕೆ ಈ ಗೈಡೇ ಹೊಣೆ.

ಅತ್ತೆ ಅಷ್ಟರಲ್ಲಿ ಎರಡೂ ಅಂಗೈಗಳನ್ನು ಕಂಬಕ್ಕೆ ಒತ್ತಿ ಮೇಲಿಂದ ಕೆಳಕ್ಕೆ ಸವರುತ್ತಿದ್ದರು. ಕಾವಲಿನವನು ದೂರದಿಂದ, "ಅಮ್ಮಾ, ಮುಟ್ಟಬಾರದು!" ಎಂದು ಕೂಗಿದ. ಅತ್ತೆ ಬೆಚ್ಚಿ ಕೈ ತೆಗೆದರು. ಮಾವ ಅವನ ಹತ್ತಿರ ಹೋಗಿ ಮೆಲ್ಲಗೆ ಹೇಳಿದರು. "ಮುಟ್ತಾ ಇಲ್ಲಪ್ಪ ಅವಳು. ನೋಡ್ತಾವಳೆ." ಅವನು ಅತ್ತೆಯ ಮುಖವನ್ನು ಒಮ್ಮೆ ನೋಡಿ, ಬೇರೆ ಕಡೆ ತಿರುಗಿ ನಿಂತ.

"ನಮ್ ಕಾರೂ ಹಿಂಗೇ ಐತೇನ್ರೀ?" ಎಂದು ಅತ್ತೆ ಕೇಳಿದರು. "ಇದಕ್ಕಿಂತ ಚೆನ್ನಾಗೈತೆ. ಆದ್ರೆ ನೀನು ಅದನ್ನ ಕಣ್ಣಾಗೇ ನೋಡ್ಬೇಕು ಕಣೆ" ಎಂದರು ಮಾವ. ಹೊರಗೆ ಬಂದಾಗ ನಾನು ಎಲ್ಲರಿಗೂ ಕಬ್ಬಿನ ಹಾಲು ಹೇಳಿದೆ. ಅತ್ತೆ ಲೋಟವನ್ನು ಪಕ್ಕಕ್ಕೆ ಸರಿಸಿ, "ನಂಗೆ ಬ್ಯಾಡ" ಎಂದರು. ನನ್ನ ನೆನಪಿನಲ್ಲಿ ಅತ್ತೆ ಸಿಹಿಯೊಂದನ್ನು ಬೇಡವೆಂದದ್ದು ಅದೇ ಮೊದಲು. ಎರಡು ತಿಂಗಳಿಗೆ ಶುಗರ್ ಇಳಿಯಿತು. ಡಾಕ್ಟರು ದಿನ ಕೊಟ್ಟರು. ಮೊದಲು ಬಲಗಣ್ಣು.

ಆಪರೇಷನ್ನಿಗೆ ಮೂರು ದಿನ ಮೊದಲು ಮಾವ ಮಂಡಿಗೆ ಬೀಗ ಹಾಕಿ ಕಾರಿನ ಮುಂದೆ ಕೂತರು. ತೊಳೆದರು, ಕ್ಲೇ ಉಜ್ಜಿದರು, ಗೀರಿದ್ದ ಕಡೆ ಮಾತ್ರ ಎಣಿಸಿದಂತೆ ಪಾಲಿಶ್ ಮಾಡಿದರು, ವ್ಯಾಕ್ಸ್ ಹಚ್ಚಿ ಒರೆಸಿದರು. ಚಕ್ರ ತೊಳೆಯುವ ಖಾರದ ದ್ರಾವಣಕ್ಕೂ ಬರೀ ಕೈ! ಬೆರಳೆಲ್ಲ ಸುಲಿದು, ಗೆಣ್ಣುಗಳು ಬಿರಿದು ರಕ್ತ ಜಿನುಗುತ್ತಿತ್ತು. ನಾನು ಮುಲಾಮು ಕೊಟ್ಟರೆ, "ಬ್ಯಾಡಮ್ಮ, ಮುಲಾಮಿನ ಜಿಡ್ಡು ಕಾರಿಗೆ ಅಂಟ್ತದೆ" ಎಂದು ಕೈ ಹಿಂದಕ್ಕೆ ಕಟ್ಟಿಕೊಂಡರು.

ಆಪರೇಷನ್ ಸುಸೂತ್ರವಾಗಿ ಆಯಿತು. ಮಾರನೆಯ ಬೆಳಿಗ್ಗೆ ಹಾಸನದ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚುವುದು. ಒಳಗೆ ಅತ್ತೆಯ ಜೊತೆ ನಾನಿದ್ದೆ. ಮಾವ ಹೊರಗೆ ಕಾರನ್ನು ಬಾಗಿಲಿಗೆ ಎದುರಾಗಿ, ಬಿಸಿಲು ಸರಿಯಾಗಿ ಬೀಳುವ ಹಾಗೆ ನಿಲ್ಲಿಸಿ ಕೊನೆಯ ಸಲ ಒರೆಸುತ್ತಿದ್ದರು. ಅತ್ತೆಗೆ ಕಾಣುತ್ತಿದೆ ಎಂದು ಹೇಳಲು ನಾನು ಓಡಿ ಬಂದು, "ಮಾವ! ಬರ್ತಿದಾರೆ!" ಎಂದು ಕೂಗಿದೆ. ಮಾವ ಗಡಿಬಿಡಿಯಲ್ಲಿ ಬಾನೆಟ್ಟಿನ ಮೇಲೆ ಬಾಗಿದರು. ಉಂಗುರ ಬಿಚ್ಚಿಟ್ಟಿದ್ದರು, ವಾಚು ಬಿಚ್ಚಿಟ್ಟಿದ್ದರು. ಶಿವನನ್ನು ಹಿಂದೆ ಕೂರಿಸುವುದನ್ನು ಮಾತ್ರ ಮರೆತಿದ್ದರು. ಕರಡಿಗೆ ಅಂಗಿಯಿಂದ ಹೊರಗೆ ಜಾರಿ, ಸರ್ರನೆ, ಒಂದು ಗೇಣುದ್ದ ಗೀರು ಎಳೆದುಬಿಟ್ಟಿತು.

ಮಾವ ಅದನ್ನೇ ನೋಡುತ್ತಾ ನಿಂತರು. "ಬೇರೆ ಯಾರಾದ್ರೂ ಮಾಡಿದ್ರೆ ಬೈಬೋದಿತ್ತು" ಎಂದರು ಕೊನೆಗೆ. ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಅಂಗಿಯೊಳಗೆ ಹಾಕಿಕೊಂಡರು. ಆಮೇಲೆ ಗೀರು ಕಾಣದ ಹಾಗೆ ಅದಕ್ಕೆ ಅಡ್ಡವಾಗಿ, ಫೋಟೋಗೆ ನಿಂತವರಂತೆ, ನೆಟ್ಟಗೆ ನಿಂತರು.

ನಾನು ಮತ್ತೆ ಬಾಗಿಲಿಗೆ ಓಡಿದೆ. ಕಪ್ಪು ಕನ್ನಡಕ ಹಾಕಿಕೊಂಡ ಅತ್ತೆ ನನ್ನ ತೋಳು ಹಿಡಿದು ಮೆಟ್ಟಿಲಿಳಿದರು. ಕನ್ನಡಕವನ್ನು ಒಂದಿಷ್ಟು ಮೇಲೆತ್ತಿ ನೋಡಿದರು. ಎದುರಿಗೆ ದಾಳಿಂಬೆ ಬಣ್ಣದ ಕಾರು, ಒಂದು ವರ್ಷದ ತಪಸ್ಸು, ಬಿಸಿಲಿಗೆ ಕಣ್ಣು ಕೋರೈಸುತ್ತಿತ್ತು. ಅತ್ತೆ ಅದರ ಕಡೆ ತಿರುಗಲೂ ಇಲ್ಲ.

"ಏನ್ರೀ ಇದು! ಮೀಸೆ ಯಾವಾಗ ಇಷ್ಟೊಂದು ಬೆಳ್ಳಗಾಯ್ತು?" ಎಂದರು.

"ಕಾರು ನೋಡೆ ಮೊದ್ಲು" ಎಂದರು ಮಾವ.

"ಕಾರು ಎಲ್ಲಿಗೆ ಹೋಗ್ತದೆ. ಎಷ್ಟು ಸೊರಗಿದೀರಿ! ಎಲ್ಲಿ, ಕೈ ತೋರ್ಸಿ. ಹಿಂದಕ್ಕೆ ಯಾಕ್ ಇಟ್ಕೊಂಡಿದೀರಿ? ತೋರ್ಸಿ ಅಂದೆ."

ಮಾವ ತಪ್ಪು ಮಾಡಿದವರ ಹಾಗೆ ಎರಡೂ ಕೈ ಮುಂದೆ ಚಾಚಿದರು. ಅತ್ತೆ ಆ ಬಿರಿದ ಬೆರಳುಗಳನ್ನು ಹೊಸ ಕಣ್ಣಿನಿಂದ ಒಂದೊಂದಾಗಿ ನೋಡಿದರು. ಕಾರಿನ ಬಾಗಿಲು ತೆಗೆಸಿ, ಸೀಟಿನ ಮೇಲೆ ಕೂತು, ತಲೆಗೆಂದು ಚೀಲದಲ್ಲಿಟ್ಟುಕೊಂಡಿದ್ದ ಎಣ್ಣೆ ಸೀಸೆ ತೆಗೆದರು. ಮನೆಯದೇ ಕೊಬ್ಬರಿ ಎಣ್ಣೆ. ಮಾವನನ್ನು ಎದುರಿಗೆ ನಿಲ್ಲಿಸಿಕೊಂಡು ಒಂದೊಂದೇ ಬೆರಳಿಗೆ ಹಚ್ಚತೊಡಗಿದರು. ಆಸ್ಪತ್ರೆಗೆ ಬರುವವರು ಹೋಗುವವರು ನೋಡಿಕೊಂಡು ಹೋಗುತ್ತಿದ್ದರು. ಹುಚ್ಚು ಮಾವ ಎಂದು ಒಂದು ವರ್ಷ ನಗುತ್ತಲೇ ಬಂದ ನನಗೆ ಆಗ ನಗು ಬರಲಿಲ್ಲ. ನಿಜ ಹೇಳುತ್ತೇನೆ, ನನ್ನ ಕಣ್ಣಿಗೇ ಒಂದು ಪೊರೆ ಕಟ್ಟಿದ ಹಾಗಾಗಿತ್ತು.

ಎಣ್ಣೆಯ ದೊಡ್ಡದೊಂದು ತೊಟ್ಟು ಜಾರಿ ಬಾಗಿಲ ಮೇಲೆ ಬಿದ್ದು ಕೆಳಕ್ಕೆ ಇಳಿಯತೊಡಗಿತು. ನಾನು ಗಾಬರಿಯಿಂದ ಬಾನೆಟ್ಟಿನ ಬಟ್ಟೆ ತೆಗೆದೆ. ಮಾವ ಅತ್ತೆಯ ಕೈಯಿಂದ ತಮ್ಮ ಕೈ ಬಿಡಿಸಿಕೊಳ್ಳದೆ, ನನ್ನ ಕಡೆ ತಿರುಗದೆ ಹೇಳಿದರು.

"ಇರ್ಲಿ ಬಿಡಮ್ಮ. ಅದೂ ಒಸಿ ಹೊಳೀಲಿ."